ಆಟಿಯ ಮಳೆಯಲ್ಲಿ ಬೆಂಜ್ ನೋಡಿದ್ದು: ನನ್ನ ಅನುಭವ

ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ತುಳು ತಿಂಗಳಲ್ಲಿ, ಶುಭ ಅಲ್ಲ ಅಂತ ಹೊಸ ಚಪ್ಪಲಿ ಕೂಡ ತಗೊಳ್ಳದ ಮನೆ ನಮ್ಮದು. ಅಂಥ ಮನೆಯಿಂದ ನಾನು 2025ರ ಆಟಿಯಲ್ಲಿ ಹೊರಟು, ಸುರಿಯುವ ಮಳೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೆಂಜ್ ಸಿ ಕ್ಲಾಸ್ ನೋಡಿ ಅಡ್ವಾನ್ಸ್ ಕೊಟ್ಟು ಬಂದೆ. ಅಮ್ಮ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ಆಟಿಯಲ್ಲಿ ಎಂತ ಗಾಡಿ ನಿಂಗೆ?" ಅಂತ ಒಂದೇ ಮಾತು. ದುಬೈಯಲ್ಲಿ ಹದಿನೈದು ವರ್ಷ ಇದ್ದು ಬಂದ ಭಾವನದ್ದು ಇನ್ನೊಂದು ರಾಗ: "ಭಾವ, ಮಳೆಯಲ್ಲಿ ಕಾರು ನೋಡಿದ್ರೆ ಪೇಂಟ್ ಹೇಗೆ ಕಾಣ್ತದೆ? ಬಿಸಿಲಲ್ಲಿ ನೋಡಬೇಕು ಮಾರಾಯ್ರೆ." ನನ್ನ ಮೆಕ್ಯಾನಿಕ್ ಅಂತೂ ನಕ್ಕುಬಿಟ್ಟ.

ಯಾರೂ ಈಗ ನಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಏಳೆಂಟು ವರ್ಷದ ಹಿಂದೆ ಬೆಂಗಳೂರಿನಿಂದ ಒಂದು ಜರ್ಮನ್ ಸೆಡಾನ್ ತಂದಿದ್ದೆ. ಯಾವ ಕಂಪನಿ ಅಂತ ಬೇಡ. ಜನವರಿಯ ಬಿಸಿಲಲ್ಲಿ ನೋಡಿದ್ದು. ಫಳಫಳ ಹೊಳೆಯುತ್ತಿತ್ತು, ಒಳಗೆ ಸೆಂಟಿನ ಪರಿಮಳ. ಹನ್ನೊಂದೂವರೆ ಲಕ್ಷ ಕೊಟ್ಟೆ. ಜೂನ್ ಬಂತು. ಎರಡನೇ ವಾರ ಬಾಗಿಲು ತೆಗೆದರೆ ಹಳೇ ಗೋಣಿಯ ವಾಸನೆ. ಹಿಂದಿನವರು ಕಾರನ್ನು ಮರದ ಕೆಳಗೆ ನಿಲ್ಲಿಸುತ್ತಿದ್ದರು ಅಂತ ಕಾಣುತ್ತದೆ, ಸನ್‌ರೂಫಿನ ನೀರು ಹೋಗುವ ಪೈಪಿನಲ್ಲಿ ಹೂವು, ಕಸ ತುಂಬಿ ಗಟ್ಟಿಯಾಗಿತ್ತು. ಬೆಂಗಳೂರಿನ ಮಳೆಗೆ ಅದು ಗೊತ್ತಾಗಲೇ ಇಲ್ಲ. ಇಲ್ಲಿ ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತದೆ, ಅದೂ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲಿ. ನೀರು ಪಿಲ್ಲರಿನ ಒಳಗಿಂದ ಇಳಿದು ಕಾರ್ಪೆಟ್ ಕೆಳಗಿನ ಫೋಮಿನಲ್ಲಿ ನಿಂತಿತು. ಅಲ್ಲೇ ಪಕ್ಕದಲ್ಲಿ ಒಂದು ಎಲೆಕ್ಟ್ರಾನಿಕ್ ಮಾಡ್ಯೂಲ್. ಅದು ಹೋಯಿತು, ವೈರಿಂಗ್ ಹೋಯಿತು. ರಿಪೇರಿಗೆ 1.8 ಲಕ್ಷ. ಮಾರುವಾಗ ಬಂದದ್ದು ಏಳು. ಆರು ಲಕ್ಷದ ಮೇಲೆ ಕೈಬಿಟ್ಟಿತು. ಕಟಪಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನಿಗೆ ಆರು ಲಕ್ಷ ಅಂದರೆ ಎಷ್ಟು ಸಿಮೆಂಟ್ ಮಾರಬೇಕು, ನೀವೇ ಲೆಕ್ಕ ಹಾಕಿ.

ಎರಡನೆಯದು ಕಾಸರಗೋಡಿನದ್ದು. ಬೆಲೆ ತುಂಬ ಕಮ್ಮಿ ಅಂತ ಹೋಗಿದ್ದು. ಅಡ್ವಾನ್ಸ್ 50,000 ಕೊಟ್ಟ ಮೇಲೆ ಹಿಂದಿನ ಸೀಟಿನ ಬೆಲ್ಟನ್ನು ಪೂರ್ತಿ ಎಳೆದು ನೋಡಿದೆ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ. 2018ರ ಆಗಸ್ಟಿನ ಕೇರಳದ ನೆರೆಯಲ್ಲಿ ಮುಳುಗಿದ ಗಾಡಿ ಅಂತ ಆಮೇಲೆ ಗೊತ್ತಾಯಿತು. ಅಡ್ವಾನ್ಸ್ ವಾಪಸ್ ಬರಲಿಲ್ಲ. ಬೆಲ್ಟ್ ಮೊದಲು ಎಳೆದು ಅಡ್ವಾನ್ಸ್ ಆಮೇಲೆ ಕೊಡಬೇಕಿತ್ತು, ಅಲ್ವಾ?

ಇವೆರಡೂ ಆದ ಮೇಲೆ ಲೆಕ್ಕ ಬದಲಾಯಿತು. ನಮ್ಮ ಊರಿನ ಕಾರಿಗೆ ದೊಡ್ಡ ಶತ್ರು ನೀರು. ಹಾಗಾದರೆ ನೀರು ಇರುವಾಗಲೇ ನೋಡುವುದು ತಾನೆ ಸರಿ? ಇನ್ನೊಂದು ಲಾಭವೂ ಉಂಟು. ಆಟಿಯಲ್ಲಿ ತುಳುನಾಡಿನಲ್ಲಿ ಗಾಡಿ ತಗೊಳ್ಳುವವರೇ ಕಮ್ಮಿ. ಬ್ರೋಕರ್‌ಗಳು ನೊಣ ಹೊಡೆಯುತ್ತಾ ಕೂತಿರುತ್ತಾರೆ. ಫೋನ್ ಮಾಡಿದರೆ ಒಂದೇ ರಿಂಗಿಗೆ ಎತ್ತುತ್ತಾರೆ.

ಆದರೆ ಹಳೆಯದನ್ನು ನೋಡುವ ಮೊದಲು ನಾನು ಹೊಸದನ್ನು ನೋಡಿದೆ. ಇದಕ್ಕೂ ಭಾವ ನಕ್ಕಿದ್ದರು, "ತಗೊಳ್ಳದ ಕಾರನ್ನು ಎಂತಕ್ಕೆ ಓಡಿಸುವುದು?" ಅಂತ. ಹೊಸದು ನನಗೆ ಅಳತೆಗೋಲು. ಹಳೇ ಕಾರಿನಲ್ಲಿ ಕೂತು "ಇದು ಸ್ವಲ್ಪ ಶಬ್ದ ಮಾಡ್ತದಾ, ಇಲ್ಲ ಎಲ್ಲ ಹೀಗೇನಾ?" ಅಂತ ತಲೆ ಕೆರೆದುಕೊಂಡು ಎಷ್ಟು ಸಲ ಮೋಸ ಹೋಗಿದ್ದೇನೋ. ಮಂಗಳೂರಿಗೆ ಹೋಗಿ ಹೊಸ ಸಿ 220ಡಿ (ಡೀಸೆಲ್ ಸಿ ಕ್ಲಾಸ್), ಉದ್ದ ಮಾಡಿದ ಬಿಎಂಡಬ್ಲ್ಯು 3 ಸೀರೀಸ್, ಆಡಿ ಎ4 ಮೂರನ್ನೂ ಓಡಿಸಿದೆ. ತಗೊಳ್ಳುತ್ತೇನೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. 80ರ ವೇಗದಲ್ಲಿ ಒಳಗಿನ ಶಬ್ದ ಫೋನಿನ ಆ್ಯಪಿನಲ್ಲಿ ಎಷ್ಟು, ಹತ್ತು ನಿಮಿಷ ನಿಂತಲ್ಲೇ ಎಸಿ ಹಾಕಿದರೆ ಗಾಳಿ ಎಷ್ಟು ತಣ್ಣಗೆ ಬರುತ್ತದೆ, ಸ್ಟೀಲ್ ಲೋಟದಲ್ಲಿ ನೀರು ಇಟ್ಟರೆ ಐಡ್ಲಿಂಗಿನಲ್ಲಿ ಎಷ್ಟು ನಡುಗುತ್ತದೆ ಅಂತ ಬರೆದುಕೊಂಡೆ. ಲೋಟ ನೋಡಿ ಸೇಲ್ಸ್ ಹುಡುಗನಿಗೆ ನಗು ತಡೆಯಲಾಗಲಿಲ್ಲ, ಪಾಪ.

ಹೊಸದು ತಗೊಳ್ಳಬಾರದು ಅಂತ ನಾನು ಹೇಳುವುದಿಲ್ಲ. 2022ರಲ್ಲಿ ಬಂದ ಈಗಿನ ಸಿ ಕ್ಲಾಸಿನಲ್ಲಿ 48 ವೋಲ್ಟಿನ ಹೈಬ್ರಿಡ್ ಸಿಸ್ಟಮ್ ಉಂಟು. ಸಿಗ್ನಲಿನಲ್ಲಿ ಎಂಜಿನ್ ನಿಂತು ಮತ್ತೆ ಶುರುವಾಗುವುದೇ ಗೊತ್ತಾಗುವುದಿಲ್ಲ. ಹಿಂದಿನ ಸೀಟಿನ ಜಾಗಕ್ಕೆ ಬಿಎಂಡಬ್ಲ್ಯು ಮುಂದೆ, ಅಮ್ಮನ ಮಂಡಿಗೆ ಅದೇ ಒಳ್ಳೆಯದಿತ್ತು. ಆಡಿ ಓಡಿಸಲು ಹಗುರ, ಆದರೆ ಅದರಲ್ಲಿ ಡೀಸೆಲ್ ಇರಲಿಲ್ಲ. ತಿಂಗಳಿಗೆ ಎರಡು ಸಲ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗುವ ನನಗೆ ಡೀಸೆಲ್ಲೇ ಬೇಕು. ಹಾಗಂತ ದಿನಾ ಕಟಪಾಡಿ–ಉಡುಪಿ ಮಾತ್ರ ಓಡಿಸುವವರು ಡೀಸೆಲ್ ತಗೊಂಡರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಕಟ್ಟಿಕೊಳ್ಳುತ್ತದೆ. ಹೊಸ ಬೆಂಜಿನಲ್ಲಿ ನನಗೆ ಸಿಟ್ಟು ಬಂದದ್ದು ಒಂದಕ್ಕೆ. ಎಸಿ ಕಮ್ಮಿ ಜಾಸ್ತಿ ಮಾಡುವುದೂ 11.9 ಇಂಚಿನ ಸ್ಕ್ರೀನಿನಲ್ಲೇ. ಮಳೆಯಲ್ಲಿ ಒದ್ದೆ ಬೆರಳಿನಲ್ಲಿ ಅದನ್ನು ಒತ್ತಿ ನೋಡಿ. ಹಳೆಯದರಲ್ಲಿ ಚೆಂದದ ಬಟನ್ ಇತ್ತು.

ಮತ್ತೆ ದುಡ್ಡು. ಎಕ್ಸ್ ಶೋರೂಂ 60 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಲೈಫ್ ಟ್ಯಾಕ್ಸ್ ಮತ್ತು ಸೆಸ್ಸೇ ಹತ್ತಿರ ಹತ್ತಿರ 12 ಲಕ್ಷ. ಇನ್ಶೂರೆನ್ಸ್ ಸೇರಿ ರಸ್ತೆಗೆ ಇಳಿಯುವಾಗ 74, 75 ದಾಟುತ್ತದೆ. ಆ 12 ಲಕ್ಷವನ್ನು ಯಾರೂ ಸೆಕೆಂಡ್ ಹ್ಯಾಂಡಿನಲ್ಲಿ ವಾಪಸ್ ಕೊಡುವುದಿಲ್ಲ.

ಸರಿ, ಆಟಿ ಶುರುವಾಯಿತು. ಮೂರು ವಾರದಲ್ಲಿ ನಾಲ್ಕು ಗಾಡಿ ನೋಡಿದೆ. ಮೊದಲನೆಯದು ಬೆಳಿಗ್ಗೆ ಆರೂವರೆಗೆ ಹೋದರೂ ಬಾನೆಟ್ ಬೆಚ್ಚಗಿತ್ತು. ತಣ್ಣಗಿನ ಎಂಜಿನಿನ ತೊಂದರೆ ಕಾಣದಿರಲಿ ಅಂತ ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಅಲ್ಲಿಗೆ ಮುಗಿಯಿತು. ಎರಡನೆಯದರ ಕೆಳಗೆ ಹೊಸ ಕಪ್ಪು ಪೇಂಟ್ ಹೊಡೆದಿದ್ದರು. ಮಲ್ಪೆ ಕಡೆಯ ಗಾಡಿ. ಕಡಲ ಗಾಳಿಗೆ ತುಕ್ಕು ಹಿಡಿಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಮೂರನೆಯದು ಪೇಪರ್ ಪರೀಕ್ಷೆಯಲ್ಲಿ ಬಿತ್ತು.

ಈ ಪೇಪರ್ ಪರೀಕ್ಷೆ ನನ್ನದೇ. ಉಡುಪಿ ಜಿಲ್ಲೆಯಲ್ಲಿ ಇದನ್ನು ಮಾಡುವವ ನಾನೊಬ್ಬನೇ ಇರಬೇಕು. ಗಾಡಿಯನ್ನು ಮೂರು ರಾತ್ರಿ ಶೆಡ್ಡಿನ ಹೊರಗೆ, ಬಯಲಿನಲ್ಲಿ ನಿಲ್ಲಿಸಿ ಅಂತ ಓನರನ್ನು ಕೇಳಿಕೊಳ್ಳುತ್ತೇನೆ. ನಾಲ್ಕು ಮ್ಯಾಟಿನ ಕೆಳಗೆ, ಡಿಕ್ಕಿಯ ತಳದಲ್ಲಿ ಉದಯವಾಣಿಯ ಒಂದೊಂದು ಹಾಳೆ ಹಾಸುತ್ತೇನೆ. ನಾಲ್ಕನೇ ದಿನ ತೆಗೆದು ನೋಡುವುದು. ಮೊದಲ ಸಲ ಮಾಡಿದಾಗ ಎಲ್ಲ ಹಾಳೆಯೂ ಮೆತ್ತಗಾಗಿ, ಗಾಡಿ ಸೋರುತ್ತದೆ ಅಂತ ಬಿಟ್ಟು ಬಂದೆ. ಆಮೇಲೆ ತಿಳಿಯಿತು, ಆಟಿಯಲ್ಲಿ ಕಪಾಟಿನ ಒಳಗಿನ ಪೇಪರೂ ಮೆತ್ತಗೇ ಇರುತ್ತದೆ! ಈಗ ಅದೇ ಪೇಪರಿನ ಇನ್ನೊಂದು ಹಾಳೆ ಮನೆಯಲ್ಲಿ ಇಟ್ಟು, ಎರಡನ್ನೂ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗುತ್ತೇನೆ. ಮನೆಯದು 20 ಗ್ರಾಂ ಆಸುಪಾಸು. ಮೂರನೇ ಗಾಡಿಯ ಎಡಗಡೆ ಮುಂದಿನ ಹಾಳೆ 33 ಗ್ರಾಂ, ನೆಲಕ್ಕೆ ಅಂಟಿಕೊಂಡಿತ್ತು. ಓನರ್ ಸುಮ್ನೆ ನಿಂತರು, ಏನೂ ಹೇಳಲಿಲ್ಲ. ಬೇಸಿಗೆಯಲ್ಲಿ ಪ್ರೆಶರ್ ವಾಷರ್ ಹಿಡಿದು ಇದೇ ಪರೀಕ್ಷೆ ಎರಡು ಸಲ ಮಾಡಿದ್ದೇನೆ, ಆಗುವುದಿಲ್ಲ. ಹತ್ತು ನಿಮಿಷದ ಜೋರು ನೀರಿಗೆ ಸೋರದ್ದು ಮೂರು ರಾತ್ರಿಯ ಜಿಟಿಜಿಟಿಗೆ ಸೋರುತ್ತದೆ.

ನಾಲ್ಕನೆಯದೇ ಈಗ ನನ್ನ ಅಂಗಳದಲ್ಲಿ ಇರುವುದು. ಮಣಿಪಾಲದ ಒಬ್ಬ ಡಾಕ್ಟರದ್ದು, 2018ರ ಕೊನೆಯ ಸಿ 220ಡಿ, ಫೇಸ್‌ಲಿಫ್ಟ್ (ಅದೇ ಮಾಡೆಲಿಗೆ ಸಣ್ಣಪುಟ್ಟ ಬದಲಾವಣೆ) ಆದ ಮೇಲಿನದ್ದು, ಒಂದೇ ಓನರ್, 58,000 ಕಿ.ಮೀ. ಹಾಳೆ ಐದೂ ಮನೆಯ ಹಾಳೆಯಷ್ಟೇ ತೂಗಿದವು. ಸನ್‌ರೂಫಿನ ಮೂಲೆಗೆ ಅರ್ಧ ಲೀಟರ್ ನೀರು ಹೊಯ್ದೆ. ಮುಂದಿನ ಚಕ್ರದ ಹತ್ತಿರ ಪಟಪಟ ಇಳಿಯಿತು. ಒಳಗೆ ಸೆಂಟ್ ಇಲ್ಲ, ಬರೀ ಕಾರಿನ ವಾಸನೆ.

ಪೇಂಟಿನ ವಿಷಯದಲ್ಲಿ ಒಂದು ನಾಚಿಕೆಗೇಡಿನ ಕಥೆ ಹೇಳಲೇಬೇಕು. ಹಿಂದೆ ಇದೇ ಮಾಡೆಲಿನ ಇನ್ನೊಂದು ಗಾಡಿಯನ್ನು, ಪೇಂಟಿನ ದಪ್ಪ ಅಳೆಯುವ ನನ್ನ 1,800 ರೂಪಾಯಿಯ ಮೀಟರಿನಲ್ಲಿ ನೋಡಿದ್ದೆ. ಬಾನೆಟ್ ಮೇಲೆ ಇಟ್ಟರೆ ರೀಡಿಂಗೇ ಇಲ್ಲ. ಪೂರ್ತಿ ಪುಟ್ಟಿ ಅಂತ ಬ್ರೋಕರ್ ಮುಖಕ್ಕೇ ಹೇಳಿ ಬಂದೆ. ಆಮೇಲೆ ನೋಡಿದರೆ ಆ ಮಾಡೆಲಿನ ಬಾನೆಟ್, ಮುಂದಿನ ಫೆಂಡರ್ ಎಲ್ಲ ಅಲ್ಯೂಮಿನಿಯಂ! ನನ್ನ ಮೀಟರಿಗೆ ಕಬ್ಬಿಣ ಬಿಟ್ಟರೆ ಬೇರೆ ಗೊತ್ತಿಲ್ಲ. ಒಳ್ಳೆಯ ಗಾಡಿ ಕೈತಪ್ಪಿತು. ಆಮೇಲೆ ಆರೂವರೆ ಸಾವಿರ ಕೊಟ್ಟು ಎರಡನ್ನೂ ಓದುವ ಮೀಟರ್ ತಗೊಂಡೆ. ಡಾಕ್ಟರ ಗಾಡಿಯಲ್ಲಿ ಎಲ್ಲ ಕಡೆ 100ರಿಂದ 140 ಮೈಕ್ರಾನ್, ಎಡಗಡೆ ಹಿಂದಿನ ಬಾಗಿಲು ಮಾತ್ರ 260. ಗೀರಿಗೆ ಪೇಂಟ್ ಮಾಡಿಸಿದ್ದು, ಪುಟ್ಟಿ ಅಲ್ಲ. ಕೇಳಿದಾಗ ಅವರೂ ಒಪ್ಪಿಕೊಂಡರು.

ಮಳೆಯಲ್ಲಿ ಪೇಂಟ್ ಕಾಣುವುದಿಲ್ಲ ಅಂದ ಭಾವನಿಗೆ ಆ ಮೀಟರೇ ನನ್ನ ಉತ್ತರ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರನ್ನೂ ಹಾಕುತ್ತೇನೆ. ಕಿಲೋಮೀಟರ್ ಹಿಂದಕ್ಕೆ ತಿರುಗಿಸಿದ್ದಾರಾ ಅಂತ ನೋಡಲು ಮೀಟರ್ ಬೋರ್ಡ್ ಬಿಟ್ಟು ಬೇರೆ ಎರಡು ಕಡೆ ನೋಡುತ್ತೇನೆ. ಯಾವ ಎರಡು ಅಂತ ಇಲ್ಲಿ ಬರೆದರೆ ನಾಳೆ ಅಲ್ಲೂ ತಿರುಗಿಸುತ್ತಾರೆ, ಹಾಗಾಗಿ ಬೇಡ. ಡಿಪಿಎಫಿನ ಬೂದಿ ಓಡಿದ ಕಿಲೋಮೀಟರಿಗೆ ತಾಳೆ ಆಗಬೇಕು, ಅಷ್ಟು ಹೇಳುತ್ತೇನೆ.

ಅದಕ್ಕಿಂತ ಒಳ್ಳೆಯ ಪುರಾವೆ ಕಾಗದದಲ್ಲೇ ಇರುತ್ತದೆ. ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ್ದಕ್ಕೆ ಪ್ರೀಮಿಯಮಿನಲ್ಲಿ ಸಿಗುವ ರಿಯಾಯಿತಿ, ನೋಡಿ. 20, 25, 35, 45, ಕೊನೆಗೆ 50 ಶೇಕಡ. ಒಂದೇ ಓನರಿನ ಗಾಡಿಯಲ್ಲಿ 50 ಉಂಟು ಅಂದರೆ ಸಾಮಾನ್ಯವಾಗಿ ಐದು ವರ್ಷ ಸತತ ಕ್ಲೇಮ್ ಇಲ್ಲ ಅಂತ ಲೆಕ್ಕ. ಸೊನ್ನೆ ಇದ್ದರೆ ಕೂಡಲೇ ಓಡಬೇಡಿ. ಎನ್‌ಸಿಬಿ ಓನರಿನದ್ದು, ಗಾಡಿಯದ್ದಲ್ಲ. ಅವರು ಹೊಸ ಗಾಡಿಗೆ ತೆಗೆದುಕೊಂಡಿರಬಹುದು. ಡಾಕ್ಟರದ್ದು 50. ಜೊತೆಗೆ 2020ರ ಸೆಪ್ಟೆಂಬರ್, ಅಕ್ಟೋಬರಿನ ಸರ್ವಿಸ್ ಬಿಲ್ ಕೇಳಿ ತೆಗೆಸಿದೆ. ಆ ಸೆಪ್ಟೆಂಬರ್ 20ಕ್ಕೆ ಉಡುಪಿಯಲ್ಲಿ ಎಂಥ ನೆರೆ ಬಂತು ಅಂತ ನೋಡಿದವರಿಗೆ ಗೊತ್ತು. ಮಣಿಪಾಲ ಗುಡ್ಡದ ಮೇಲೆ, ಆದರೆ ಕಾರು ಆ ದಿನ ಎಲ್ಲಿತ್ತೋ ಯಾರಿಗೆ ಗೊತ್ತು. ಬಿಲ್ಲಿನಲ್ಲಿ ಬರೀ ವೈಪರ್ ಬ್ಲೇಡ್.

ಕೊನೆಗೆ ಆಗುಂಬೆ. ಹೆಬ್ರಿ, ಸೋಮೇಶ್ವರ ದಾಟಿ 14 ಹೇರ್‌ಪಿನ್ ತಿರುವು. ಡಾಕ್ಟರ ಡ್ರೈವರ್ ಪಕ್ಕದಲ್ಲಿ ಜೀವ ಹಿಡಿದುಕೊಂಡು ಕೂತಿದ್ದರು. ಎರಡನೇ ಗೇರಿನಲ್ಲೇ ಹತ್ತಿಸಿದೆ. ಗೇರ್‌ಬಾಕ್ಸ್ 95 ಡಿಗ್ರಿ ಹತ್ತಿರ ಹೋಗಿ ಅಲ್ಲೇ ನಿಂತಿತು. ಇಳಿಯುವಾಗ ಬ್ರೇಕ್ ಪೆಡಲಿನಲ್ಲಿ ನಡುಕ ಇಲ್ಲ. ವಾಪಸ್ ಬರುವಾಗ ಹೈವೇಗೆ ಇಳಿದು 80ರಲ್ಲಿ ಶಬ್ದ ನೋಡಿದರೆ ಹೊಸದಕ್ಕಿಂತ ನಾಲ್ಕು ಡೆಸಿಬೆಲ್ ಜಾಸ್ತಿ. ಅಳತೆಗೋಲು ಕೆಲಸಕ್ಕೆ ಬಂದದ್ದು ಇಲ್ಲಿ. ಹೊಸದು ಓಡಿಸದಿದ್ದರೆ ಇದೂ ಚೆನ್ನಾಗಿಯೇ ಉಂಟು ಅಂತ ಬಿಡುತ್ತಿದ್ದೆ. ಟಯರ್ ನೋಡಿದೆ, 3219. 2019ರ 32ನೇ ವಾರದ್ದು. ಗೆರೆಗಳು ಆಳ ಇದ್ದರೂ ರಬ್ಬರ್ ಕಲ್ಲಾಗಿತ್ತು. ಟಯರ್ ಬದಲಿಸಿದ ಮೇಲೆ ಆ ನಾಲ್ಕರಲ್ಲಿ ಎರಡೂವರೆ ಇಳಿಯಿತು.

ಒಂದು ಚೀಟಿಯಲ್ಲಿ ಬರೆದು ಡಾಕ್ಟರ ಮುಂದೆ ಇಟ್ಟೆ. ಟಯರ್ 70,000, ಬ್ಯಾಟರಿ 28,000, ಗೇರ್‌ಬಾಕ್ಸ್ ಆಯಿಲ್ 45,000, ಬಾಗಿಲಿಗೆ 15,000. ಅವರು ಹೇಳಿದ್ದು 27 ಲಕ್ಷ. ಮಾತಾಡಿ 24.25ಕ್ಕೆ ಮುಗಿಯಿತು. ಚೀಟಿಯ ಲೆಕ್ಕಕ್ಕಿಂತ ಜಾಸ್ತಿ ಇಳಿದದ್ದು ಆಟಿಯ ಪುಣ್ಯ.

ಅಡ್ವಾನ್ಸ್ ಕೊಟ್ಟದ್ದು ಆಗಸ್ಟ್ ಮೊದಲ ವಾರ. ಕೀ ಸೋಣ ಸಂಕ್ರಮಣ (ಆಟಿ ಮುಗಿದು ಸೋಣ ತಿಂಗಳು ಶುರುವಾಗುವ ದಿನ) ಕಳೆದ ಮೇಲೆ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ನಡುವೆ ಆಗಸ್ಟ್ 15ರ ಪ್ರಧಾನಿ ಭಾಷಣದಲ್ಲಿ ಜಿಎಸ್‌ಟಿ ಬದಲಾಗುತ್ತದೆ ಅಂತ ಬಂತು. ಭಾವನ ಫೋನ್: "ಅಡ್ವಾನ್ಸ್ ಹೋದ್ರೆ ಹೋಗ್ಲಿ, ಬಿಡಿ ಭಾವ." ಬಿಡಲಿಲ್ಲ. ಸೆಪ್ಟೆಂಬರ್ 22ರಿಂದ ದೊಡ್ಡ ಸೆಡಾನಿನ ತೆರಿಗೆ 48ರಿಂದ 40 ಶೇಕಡಕ್ಕೆ ಇಳಿದು, ಹಳೇ ಗಾಡಿಗಳ ಬೆಲೆಯೂ ಜಗ್ಗಿತು. ನನಗೆ ಒಂದು, ಒಂದೂವರೆ ಲಕ್ಷ ಹೊಡೆತ ಬಿದ್ದಿರಬಹುದು. ಮುಚ್ಚಿಡುವುದಿಲ್ಲ. ಆದರೆ ಸೋರದ ಗಾಡಿ ಮತ್ತೆ ಸಿಗುತ್ತಿತ್ತಾ?

ಕಾಪು ಮಾರಿಗುಡಿಯಲ್ಲಿ ಪೂಜೆ ಮಾಡಿಸಿ ಅಮ್ಮ ಹಿಂದಿನ ಸೀಟಿನಲ್ಲಿ ಕೂತರು. "ಎಸಿ ಕಮ್ಮಿ ಮಾಡು" ಅಂದರು, ಬಟನ್ ಒತ್ತಿದೆ.

ಈಗ ತಲೆನೋವು ಇಲಿ ಒಂದೇ. ಯಾರೋ ಹೇಳಿದರು ಅಂತ ಎಂಜಿನ್ ಪಕ್ಕ ಹೊಗೆಸೊಪ್ಪು ಕಟ್ಟಿಟ್ಟೆ. ಒಂದು ವಾರ ಇಲಿ ಬರಲಿಲ್ಲ. ಎರಡನೇ ವಾರ ಹೊಗೆಸೊಪ್ಪನ್ನೇ ಎಳೆದುಕೊಂಡು ಹೋಯಿತು. ಸದ್ಯ ಅಂಗಡಿಯಿಂದ ಕಬ್ಬಿಣದ ಬಲೆ ತಂದು ಕೆಳಗಿನ ಎರಡು ದಾರಿ ಮುಚ್ಚಿದ್ದೇನೆ. ಮೂರನೆಯದು ಎಲ್ಲಿ ಅಂತ ಇನ್ನೂ ಹುಡುಕುತ್ತಿದ್ದೇನೆ.