ಶಿವಮೊಗ್ಗದಿಂದ ಆಗುಂಬೆವರೆಗೆ ಐದು ದಿನ

ನಮ್ಮ ಯಜಮಾನರಿಗೆ ಮೂರು ವರ್ಷ ಡಯಾಲಿಸಿಸ್ ನಡೆಯಿತು. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ನಮ್ಮ ಮನೆ ಶಿವಮೊಗ್ಗದಲ್ಲೇ ಇದ್ದದ್ದರಿಂದ ಆಟೋ ಹತ್ತಿದರೆ ಹತ್ತು ನಿಮಿಷಕ್ಕೆ ಆಸ್ಪತ್ರೆ. ಪಕ್ಕದ ಮಂಚದಲ್ಲಿ ಆಗುಂಬೆ ಕಡೆಯವರೊಬ್ಬರು ಮಲಗುತ್ತಿದ್ದರು. ಹತ್ತಿರದಲ್ಲಿ ಪಾಳಿ ಸಿಗದೆ ಇಲ್ಲಿಗೆ ಬರುತ್ತಿದ್ದವರು. ಕತ್ತಲೆಯಲ್ಲೇ ಮನೆ ಬಿಟ್ಟು, ಎರಡು ಮೈಲಿ ನಡೆದು, ಮೊದಲ ಬಸ್ಸು ಹಿಡಿಯಬೇಕು. ಒಂದು ದಿನ ಮೆಷಿನ್ ಪಾಳಿ ತಡವಾಗಿ ಅವರಿಗೆ ಕೊನೆ ಬಸ್ಸು ತಪ್ಪಿತು. ರಾತ್ರಿಯೆಲ್ಲ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಿದ್ದರು ಅನ್ನುವುದು ನಮಗೆ ಮುಂದಿನ ವಾರ ಗೊತ್ತಾಯಿತು. ಯಜಮಾನರು ಅದನ್ನು ಬಹಳ ಮನಸ್ಸಿಗೆ ಹಚ್ಚಿಕೊಂಡರು. "ಫೋನ್ ನಂಬರ್ ಆದರೂ ಇಸ್ಕೋಬೇಕಿತ್ತು ಕಣೆ" ಎಂದು ಎಷ್ಟೋ ಸಲ ಹೇಳಿದರು.

ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ದುಡ್ಡಿಲ್ಲ. ಆದರೆ ಹೋಗಿಬರುವ ಖರ್ಚು ಇದ್ದೇ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ನಿಜ. ನಮ್ಮ ಮಲೆನಾಡಿನ ಒಳಗಿನ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಟಿಕೆಟ್ ತೆಗೆಸಲೇಬೇಕು. ಯಜಮಾನರು ತೀರಿಕೊಂಡ ಮರುವರ್ಷ, ಡಯಾಲಿಸಿಸ್‌ಗೆ ಬರುವವರ ಈ ದಾರಿ ಖರ್ಚಿಗಾಗಿ ದುಡ್ಡು ಕೂಡಿಸಬೇಕು ಎಂದು ನಾನೂ ನನ್ನ ಗೆಳತಿಯೂ ಡಿಸೆಂಬರಿನಲ್ಲಿ ಶಿವಮೊಗ್ಗದಿಂದ ಆಗುಂಬೆಗೆ ನಡೆದೆವು. ತೊಂಬತ್ತು ಚಿಲ್ಲರೆ ಕಿಲೋಮೀಟರ್, ಐದು ದಿನ. ಪರಿಚಯದವರು ಕಿಲೋಮೀಟರಿಗೆ ಇಷ್ಟು ಅಂತ ಮೊದಲೇ ಬರೆಸಿದ್ದರು.

ತಯಾರಿ ದೊಡ್ಡದೇನಲ್ಲ. ಒಂದೂವರೆ ತಿಂಗಳು ಬೆಳಿಗ್ಗೆ ನಾಲೆ ಏರಿ ಮೇಲೆ ನಡೆದೆವು, ಕೊನೆಯ ಎರಡು ವಾರ ಬೆನ್ನಿಗೆ ಚೀಲ ಹಾಕಿಕೊಂಡು. ಬಿಸಿಲಿಗೆ ಪಾದ ಉಬ್ಬುತ್ತದೆ, ಅದಕ್ಕೆ ಶೂ ಒಂದು ನಂಬರ್ ದೊಡ್ಡದು ತೆಗೆದುಕೊಳ್ಳಿ. ಹೊಸ ಶೂ ಹಾಕಿಕೊಂಡು ಮಾತ್ರ ಹೊರಡಬೇಡಿ. ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅದರ ಮೇಲೆ ತೆಳ್ಳಗಿನ ಕಾಲುಚೀಲ, ಅದರ ಮೇಲೆ ದಪ್ಪನೆಯದು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ನಡೆಯಬೇಕು. ಮಂಜು ಕರಗದೆ ಹೊರಡಬಾರದು, ಐದು ಗಂಟೆಯ ಮೇಲೆ ಕಾಡಿನ ದಾರಿಯಲ್ಲಿ ಇರಬಾರದು. ದಾರಿಯ ಠಾಣೆಗಳಿಗೆ ಮೊದಲೇ ಪತ್ರ ಕೊಟ್ಟಿದ್ದೆವು. ರಸೀದಿ ಪುಸ್ತಕ ಜೊತೆಗಿತ್ತು.

ಮೊದಲ ದಿನ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಗಾಜನೂರಿನ ಹತ್ತಿರ ಒಂದು ಅಂಗಡಿಯ ಮುಂದೆ ನಿಂತು, ಮಾತಿಗೆ ಮೊದಲೇ ಕಾಣಿಕೆ ಡಬ್ಬ ಮುಂದೆ ಹಿಡಿದೆ. ಅಂಗಡಿಯವರು ಐದು ರೂಪಾಯಿ ಹಾಕಿ ಮುಖ ತಿರುಗಿಸಿಕೊಂಡರು. ಸಕ್ರೆಬೈಲು ದಾಟುವವರೆಗೂ ಎಲ್ಲ ಕಡೆ ಹಾಗೇ ಆಯಿತು. ಸಂಜೆ ಗೆಳತಿ ಡಬ್ಬವನ್ನು ಚೀಲದೊಳಗೆ ಹಾಕಿ, "ನಾಳೆಯಿಂದ ನೀರು ಕೇಳೋಣ, ದುಡ್ಡು ಬೇಡ" ಎಂದಳು. ಈ ನಡಿಗೆಯಲ್ಲಿ ನಾನು ಕಲಿತದ್ದರಲ್ಲಿ ಬೇರೆಯವರಿಗೆ ಹೇಳಬಹುದಾದ್ದು ಇದೊಂದೇ. ಮಲೆನಾಡಿನಲ್ಲಿ ನೀರು ಕೇಳಿದವರಿಗೆ ಬರೀ ನೀರು ಕೊಡುವ ರೂಢಿಯಿಲ್ಲ. ಜೊತೆಗೊಂದು ಬೆಲ್ಲದ ಚೂರು ಬರುತ್ತದೆ, ಬೆಲ್ಲ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ "ಎಂತಕ್ಕೆ ಹಿಂಗೆ ನಡ್ಕಂಡು ಹೊಂಟಿದೀರಿ?" ಎಂಬ ಪ್ರಶ್ನೆಯೂ ಬರುತ್ತದೆ. ಹೇಳಿದರೆ, "ನಮ್ಮ ಭಾವನಿಗೂ ಹಂಗೇ ಆಗಿತ್ತು" ಎಂದು ಅವರ ಕಥೆ ಶುರು. ಡಬ್ಬ ಎಲ್ಲಿದೆ ಎಂದು ಆಮೇಲೆ ಅವರೇ ಕೇಳುತ್ತಾರೆ.

ಮಂಡಗದ್ದೆಯಲ್ಲಿ ಹಕ್ಕಿಗಳು ಇರಲಿಲ್ಲ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುವ ನಡುಗಡ್ಡೆಯ ಮರಗಳು ಖಾಲಿ ನಿಂತಿದ್ದವು. ಅಲ್ಲಿಂದ ಮುಂದೆ ನನ್ನ ಎಡ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ರಸ್ತೆ ಪಕ್ಕ ತರಗೆಲೆ ಮೇಲೆ ಕೂತು ಶೂ ಬಿಚ್ಚುತ್ತಿದ್ದೆ, ಸ್ಕೂಟಿಯಲ್ಲಿ ಹೋಗುತ್ತಿದ್ದ ಆಶಾ ಕಾರ್ಯಕರ್ತೆಯೊಬ್ಬಳು ಗಾಡಿ ನಿಲ್ಲಿಸಿ, "ಅಮ್ಮಾ, ಮೊದಲು ಮೇಲೇಳಿ ಅಲ್ಲಿಂದ!" ಎಂದು ಕೂಗಿದಳು. ಮಂಗನ ಕಾಯಿಲೆ ಶುರುವಾಗುವ ಕಾಲ, ಅದನ್ನು ಹರಡುವ ಉಣುಗು ಇರುವುದೇ ತರಗೆಲೆಯಲ್ಲಿ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ, ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೂ ಮರೆತು ಕೂತಿದ್ದೆ. ಅವಳು ತನ್ನ ಚೀಲದಿಂದ ಉಣುಗು ಹತ್ತದಂತೆ ಹಚ್ಚುವ ಡೇಪಾ ಎಣ್ಣೆಯ ಬಾಟಲಿ ತೆಗೆದು ನಮ್ಮಿಬ್ಬರ ಕೈಕಾಲಿಗೆ ತಾನೇ ಹಚ್ಚಿದಳು. ಬೊಬ್ಬೆ ಒಡೆಯಲು ಹೋದ ನನ್ನ ಕೈ ಹಿಡಿದು, ಅದರ ಸುತ್ತ ಹತ್ತಿ ಇಟ್ಟು ಪಟ್ಟಿ ಕಟ್ಟಿದಳು. ಬಾಟಲಿ ಅಲ್ಲೇ ಬಿಟ್ಟು ಹೋದಳು, ಹೆಸರು ಕೇಳುವುದಕ್ಕೂ ಪುರುಸೊತ್ತು ಕೊಡಲಿಲ್ಲ.

ನಾಲ್ಕನೇ ರಾತ್ರಿ ತೀರ್ಥಹಳ್ಳಿ ದಾಟಿ ಮೇಗರವಳ್ಳಿ ಹತ್ತಿರದ ಒಂದು ಮನೆಯಲ್ಲಿ ಉಳಿದೆವು. ಅಡಿಕೆ ಸುಲಿತದ ಕಾಲ. ಅಂಗಳದ ಚಪ್ಪರದಡಿ ದೀಪ ಹಾಕಿಕೊಂಡು ಹತ್ತು ಹನ್ನೆರಡು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತಿದ್ದರು. ಹಿತ್ತಿಲ ಕಡೆ ಹಂಡೆಯಲ್ಲಿ ಅಡಿಕೆ ಬೇಯುವ ಒಗರು ವಾಸನೆ. ಮನೆಯ ಅಮ್ಮ ಅಕ್ಕಿರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ, ಕಾಲು ನೆನೆಸಲು ಬಿಸಿನೀರು ಕೊಟ್ಟರು. ನಾವೂ ಸುಲಿಯಲು ಕೂತೆವು. ನಾನು ಒಂದು ಕಾಯಿ ಸುಲಿಯುವ ಹೊತ್ತಿಗೆ ಪಕ್ಕದ ಹುಡುಗಿ ಏಳೆಂಟು ಸುಲಿದು ಬುಟ್ಟಿಗೆ ಹಾಕಿರುತ್ತಿದ್ದಳು. ಡಯಾಲಿಸಿಸ್ ಎಂದರೆ ಏನು, ರಕ್ತ ಹೇಗೆ ಹೊರಗೆ ಹೋಗಿ ಶುದ್ಧವಾಗಿ ವಾಪಸ್ ಬರುತ್ತದೆ, ನೋವಾಗುತ್ತದಾ, ಎಲ್ಲ ಕೇಳಿದರು.

ಬೆಳಿಗ್ಗೆ ಹೊರಡುವಾಗ ಆ ಹುಡುಗಿ ಒಂದು ಪ್ಲಾಸ್ಟಿಕ್ ಕವರ್ ತಂದು ಕೊಟ್ಟಳು. ಸುಲಿತದವರೆಲ್ಲ ಅಂದಿನ ಕೂಲಿಯಲ್ಲಿ ಒಂದು ಪಾಲು ತೆಗೆದಿಟ್ಟಿದ್ದರು. ಹತ್ತರ, ಇಪ್ಪತ್ತರ ನೋಟು, ಒಂದೆರಡು ಐವತ್ತರದ್ದು. ಅಡಿಕೆಯ ಒಗರಿಗೆ ಕಪ್ಪಾದ ಬೆರಳಿನ ಗುರುತು ಕೆಲವು ನೋಟಿನ ಮೇಲೆ ಹಾಗೇ ಕೂತಿತ್ತು. ಒಟ್ಟು 640 ರೂಪಾಯಿ. ರಸೀದಿ ಯಾರ ಹೆಸರಿಗೆ ಬರೆಯಲಿ ಎಂದರೆ ಅವರವರೇ ಮುಖ ನೋಡಿಕೊಂಡರು. "ಸುಲಿತದ ಚಪ್ಪರ" ಎಂದು ಬರೆದುಕೊಟ್ಟೆ.

ಗುಡ್ಡೇಕೇರಿಯಿಂದ ಆಗುಂಬೆಗೆ ಕೊನೆಯ ನಡಿಗೆ ಸಲೀಸಾಗಿ ಮುಗಿಯಿತು. ಒಟ್ಟು 1,18,000 ರೂಪಾಯಿ ಕೂಡಿತು, ಏಳು ಜನರಿಗೆ ಸುಮಾರು ಎಂಟು ತಿಂಗಳ ಬಸ್ಸು, ಆಟೋ ಖರ್ಚು.

ಇನ್ನೊಬ್ಬರ ವಿಷಯ ಬಾಕಿ ಇದೆ. ಎರಡನೇ ದಿನದಿಂದ ಒಂದು ಖಾಸಗಿ ಬಸ್ಸಿನ ಕಂಡಕ್ಟರ್ ನಮ್ಮನ್ನು ದಾಟುವಾಗಲೆಲ್ಲ ಬಾಗಿಲಲ್ಲಿ ನೇತಾಡಿಕೊಂಡು, "ಅಕ್ಕಾ, ಇನ್ನೆಷ್ಟು ದೂರ?" ಎಂದು ಕೂಗುತ್ತಿದ್ದ. ಮೂರನೇ ದಿನ ಬಸ್ಸು ನಿಲ್ಲಿಸಿ ವಿಷಯ ಕೇಳಿಕೊಂಡ. ನಾಲ್ಕನೇ ದಿನ ಪ್ರಯಾಣಿಕರಿಂದ ಕೂಡಿಸಿದ ಚಿಲ್ಲರೆಯನ್ನು ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದುಕೊಟ್ಟ. ಬೆಂಚಿನ ಮೇಲೆ ರಾತ್ರಿ ಕಳೆದವರ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂಜೆ ಕೊನೆ ಟ್ರಿಪ್ಪು ನಮ್ದೇ ಅಕ್ಕಾ. ಅವರು ಯಾವ ದಿನ ಬರ್ತಾರೆ ಹೇಳಿ, ಹತ್ತು ನಿಮಿಷ ನಿಲ್ಲಿಸ್ತೀವಿ" ಎಂದ. ನಂಬರ್ ಇಸಿದುಕೊಂಡೆ.

ಈಗ ಮಂಗಳವಾರ, ಶುಕ್ರವಾರ ಸಂಜೆ ಪಾಳಿ ತಡವಾದರೆ ನಾನು ಅವನಿಗೆ ಫೋನ್ ಮಾಡುತ್ತೇನೆ. ಸ್ವಲ್ಪ ಹೊತ್ತಿಗೆ ಅವನೇ ತಿರುಗಿ ಮಾಡುತ್ತಾನೆ: "ಬಂದ್ರು ಅಕ್ಕಾ, ಮುಂದಿನ ಸೀಟಲ್ಲಿ ಕೂರಿಸಿದೀನಿ, ಹೊರಟ್ವಿ."