ಎರಡು ದಿನ, ಎರಡು ಬೆಟ್ಟ: ವಾರಾಂತ್ಯದಲ್ಲಿ ಲಿಯಾನ್ ನೋಡುವುದು ಹೇಗೆ?

ಫ್ರಾನ್ಸ್ ಪ್ರವಾಸವೆಂದರೆ ಪ್ಯಾರಿಸ್ ಎಂದೇ ಭಾವಿಸಿ ಹೊರಡುವವರು, ಅಲ್ಲಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಾದ ಲಿಯಾನ್‌ಗೆ ಒಂದು ಶನಿವಾರ ಮತ್ತು ಭಾನುವಾರವನ್ನು ಮೀಸಲಿಡುವುದು ಒಳ್ಳೆಯದು. ರೋನ್ ಮತ್ತು ಸೋನ್ ನದಿಗಳು ಕೂಡುವ ಈ ಊರಿನ ಹಳೆಯ ಜೀವವೆಲ್ಲ ಎರಡು ಬೆಟ್ಟಗಳ ಮೇಲೆ ಮತ್ತು ಅವುಗಳ ಬುಡದಲ್ಲಿದೆ. ಫೂರ್ವಿಯೇರ್ ಪ್ರಾರ್ಥನೆಯ ಬೆಟ್ಟ, ಕ್ರ್ವಾ ರೂಸ್ ದುಡಿಮೆಯ ಬೆಟ್ಟ ಎಂಬುದು ಅಲ್ಲಿಯ ರೂಢಿಯ ಮಾತು. ದಿನಕ್ಕೊಂದು ಬೆಟ್ಟವನ್ನು ಇಟ್ಟುಕೊಂಡು, ಹತ್ತುವಾಗ ವಾಹನವನ್ನೂ ಇಳಿಯುವಾಗ ಕಾಲನ್ನೂ ನಂಬಿದರೆ ಎರಡು ದಿನ ಧಾರಾಳವಾಗಿ ಸಾಕು.

ಹೊರಡುವ ಮುನ್ನ

ಪ್ಯಾರಿಸ್‌ನ ಗಾರ್ ದ ಲಿಯಾನ್ ನಿಲ್ದಾಣದಿಂದ ಹೊರಡುವ ಟಿಜಿವಿ ಎಂಬ ಅತಿವೇಗದ ರೈಲಿನ ಟಿಕೆಟನ್ನು ಮುಂಚಿತವಾಗಿ ಕೊಂಡಷ್ಟೂ ಅಗ್ಗ. ಪಾರ್ ದ್ಯೂ ನಿಲ್ದಾಣದಲ್ಲಿ ಇಳಿದು, ಮೆಟ್ರೊ, ಟ್ರಾಮ್, ಬಸ್ಸು ಮತ್ತು ಬೆಟ್ಟದ ಕೇಬಲ್ ರೈಲಿಗೆ ಒಟ್ಟಾಗಿ ಸಲ್ಲುವ 48 ಗಂಟೆಗಳ ಪಾಸನ್ನು ಖರೀದಿಸಬೇಕು. ವಸತಿಯನ್ನು ಎರಡು ನದಿಗಳ ನಡುವಿನ ಬೆಲ್ಕೂರ್ ಚೌಕದ ಸುತ್ತ ಹಿಡಿದರೆ ಎರಡೂ ಬೆಟ್ಟಗಳು ಹತ್ತಿರವಾಗುತ್ತವೆ. ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುವುದರಿಂದ ಕೊಳ್ಳುವುದನ್ನೆಲ್ಲ ಶನಿವಾರವೇ ಮುಗಿಸಬೇಕು. ಶನಿವಾರ ರಾತ್ರಿಯ ಊಟಕ್ಕೆ ಮೇಜನ್ನು ಮೊದಲೇ ಕಾದಿರಿಸಬೇಕು.

ಶನಿವಾರ: ಫೂರ್ವಿಯೇರ್

ವ್ಯೂ ಲಿಯಾನ್ ಮೆಟ್ರೊ ನಿಲ್ದಾಣದೊಳಗಿಂದಲೇ ಹೊರಡುವ ಕೇಬಲ್ ರೈಲು ಕೆಲವೇ ನಿಮಿಷಗಳಲ್ಲಿ ಬೆಸಿಲಿಕಾದ ಮುಂದೆ ಇಳಿಸುತ್ತದೆ. 1872ರಲ್ಲಿ ಆರಂಭವಾಗಿ 1896ರಲ್ಲಿ ಪ್ರತಿಷ್ಠಾಪನೆಗೊಂಡ, ನಾಲ್ಕು ಗೋಪುರಗಳ ಈ ಚರ್ಚನ್ನು ಊರಿನವರೇ ಅಂಗಾತ ಬಿದ್ದ ಆನೆ ಎಂದು ಗೇಲಿ ಮಾಡುವುದುಂಟು. ಒಳಗಿನ ಚಿನ್ನದ ಬಣ್ಣದ ಮೊಸಾಯಿಕ್ ಕೆಲಸ ಕೆಲವರಿಗೆ ಅತಿಯೆನಿಸಬಹುದು. ಆದರೆ ಹಿಂಬದಿಯ ಕಟ್ಟೆಯಿಂದ ಕಾಣುವ ನಗರದ ನೋಟದ ಬಗ್ಗೆ ಎರಡು ಮಾತಿಲ್ಲ.

ಅಲ್ಲಿಂದ ಸ್ವಲ್ಪ ನಡೆದರೆ, ಕ್ರಿಸ್ತಪೂರ್ವ 43ರಲ್ಲಿ ರೋಮನ್ನರು ಸ್ಥಾಪಿಸಿದ ಲುಗ್ಡುನಮ್ ನಗರದ ರಂಗಮಂದಿರ ಸಿಗುತ್ತದೆ. ಇಲ್ಲಿ ಪ್ರವೇಶ ಉಚಿತವಾಗಿದ್ದು, ಕಲ್ಲಿನ ಮೆಟ್ಟಿಲುಗಳ ಮೇಲೆ ಎಷ್ಟು ಹೊತ್ತಾದರೂ ಕೂರಬಹುದು. ಪಕ್ಕದಲ್ಲೇ ಗುಡ್ಡದ ಇಳಿಜಾರಿನೊಳಗೆ ಹುದುಗಿಸಿ ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ಒಂದು ಕಂಚಿನ ಶಾಸನವಿದೆ. ಇದೇ ಊರಿನಲ್ಲಿ ಹುಟ್ಟಿದ ಚಕ್ರವರ್ತಿ ಕ್ಲಾಡಿಯಸ್, ಗಾಲ್ (ಬಹುಪಾಲು ಇಂದಿನ ಫ್ರಾನ್ಸ್) ಪ್ರಾಂತ್ಯದ ಪ್ರಮುಖರಿಗೆ ರೋಮ್‌ನ ಸೆನೆಟ್‌ನಲ್ಲಿ ಸ್ಥಾನ ಕೊಡಬೇಕೆಂದು ಕ್ರಿಸ್ತಶಕ 48ರಲ್ಲಿ ಮಾಡಿದ ಭಾಷಣ ಅದರಲ್ಲಿ ಕೆತ್ತಲ್ಪಟ್ಟಿದೆ. ಬೇರೇನನ್ನು ಬಿಟ್ಟರೂ ಇದನ್ನು ಬಿಡಬಾರದು.

ಉದ್ಯಾನದ ತಿರುವುದಾರಿಯಲ್ಲಿ ಇಳಿದರೆ ಹಳೆಯ ಪೇಟೆ. ಒಂದು ಬೀದಿಯಿಂದ ಇನ್ನೊಂದಕ್ಕೆ ಮನೆಗಳ ಒಳಗಿನಿಂದಲೇ ಸಾಗುವ ‘ಟ್ರಾಬೂಲ್’ ಎಂಬ ಓಣಿಗಳು ಇಲ್ಲಿಯ ವಿಶೇಷ. ಸ್ಯಾನ್ ಜಾನ್ ಬೀದಿಯ 54ನೇ ಸಂಖ್ಯೆಯ ಬಾಗಿಲಲ್ಲಿ ಒಳಹೊಕ್ಕರೆ, ಮಂದ ಬೆಳಕಿನ ಕಮಾನುಗಳನ್ನೂ ತೆರೆದ ಅಂಗಳಗಳನ್ನೂ ಒಂದರ ಹಿಂದೊಂದರಂತೆ ದಾಟಿ ಬಫ್ ಬೀದಿಯ 27ನೇ ಮನೆಯ ಬಾಗಿಲಿಗೆ ಬರುತ್ತೇವೆ. ಬಾಗಿಲು ಮುಚ್ಚಿದ್ದರೆ ಪಕ್ಕದ ಗುಂಡಿಯನ್ನು ಒತ್ತಿ ನೋಡಬೇಕು; ತೆರೆಯದಿದ್ದರೆ ಮುಂದೆ ಸಾಗಬೇಕು. ಒಳಗೆ ಅಂಚೆಪೆಟ್ಟಿಗೆಗಳೂ ಸೈಕಲ್ಲುಗಳೂ ಇರುತ್ತವೆ. ಜನ ವಾಸವಾಗಿರುವ ಮನೆಗಳಾದ್ದರಿಂದ ದನಿ ತಗ್ಗಿಸಿ ನಡೆಯುವುದು ಮರ್ಯಾದೆ.

ರಾತ್ರಿಯ ಊಟಕ್ಕೆ ‘ಬೂಶೋನ್’ ಎಂಬ ಸಾಂಪ್ರದಾಯಿಕ ಭೋಜನಶಾಲೆಗಳು ಪ್ರಸಿದ್ಧ. ಸಸ್ಯಾಹಾರಿಗಳು ಇಲ್ಲಿ ಎಚ್ಚರದಿಂದಿರಬೇಕು, ಏಕೆಂದರೆ ಲಿಯಾನ್ ಹೆಸರಿನ ಸಲಾಡ್‌ನಲ್ಲೂ ಹಂದಿಮಾಂಸದ ತುಣುಕುಗಳಿರುತ್ತವೆ ಮತ್ತು ಮೆತ್ತನೆಯ ಉಂಡೆಯಂಥ ತಿನಿಸಾದ ಕೆನೆಲ್‌ನಲ್ಲಿ ಸಾಮಾನ್ಯವಾಗಿ ಮೀನು ಬೆರೆತಿರುತ್ತದೆ. ಸೊಪ್ಪು ಮತ್ತು ಈರುಳ್ಳಿಯ ಜಾತಿಯ ಶಾಲಟ್ ಬೆರೆಸಿದ ತಾಜಾ ಗಿಣ್ಣು ‘ಸೆರ್ವೆಲ್ ದ ಕನ್ಯೂ’, ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆ, ಕೊನೆಗೆ ಸಕ್ಕರೆ ಲೇಪಿಸಿದ ಬಾದಾಮಿಯ ಕೆಂಪು ಟಾರ್ಟ್ ಕೇಳಿದರೆ ಹೊಟ್ಟೆ ತುಂಬುತ್ತದೆ. ಗಿಣ್ಣಿನ ವಿಷಯದಲ್ಲಿ ಕಟ್ಟುನಿಟ್ಟು ಇರುವವರು, ಅದನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುವುದುಂಟು ಎಂಬುದನ್ನು ನೆನಪಿಡಬೇಕು. ಬಾಟಲಿ ನೀರಿನ ಬದಲು ‘ಕರಾಫ್ ದೋ’ ಎಂದು ಕೇಳಿದರೆ ನಲ್ಲಿಯ ನೀರನ್ನು ಹಣವಿಲ್ಲದೆ ತಂದಿಡುತ್ತಾರೆ.

ಭಾನುವಾರ: ಕ್ರ್ವಾ ರೂಸ್

ಬೆಳಿಗ್ಗೆ ಸಿ ಮಾರ್ಗದ ಮೆಟ್ರೊದಲ್ಲಿ ಬೆಟ್ಟ ಹತ್ತಬೇಕು. ಏರು ಎಷ್ಟು ಕಡಿದೆಂದರೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಜೋಡಿಸಿದ್ದಾರೆ. ಮೇಲಿನ ಅಗಲ ಬೀದಿಯುದ್ದಕ್ಕೂ ನಡೆಯುವ ಸಂತೆಯಲ್ಲಿ ಹಣ್ಣು, ಬ್ರೆಡ್ಡು, ಗಿಣ್ಣು ಕೊಂಡು ಮಧ್ಯಾಹ್ನದ ಬುತ್ತಿ ಕಟ್ಟಿಕೊಳ್ಳಬಹುದು.

ಇದು ‘ಕನ್ಯೂ’ ಎಂದು ಕರೆಯಲ್ಪಡುತ್ತಿದ್ದ ರೇಷ್ಮೆ ನೇಕಾರರ ಕೇರಿ. ಇಲ್ಲಿಯ ಮನೆಗಳ ಕಿಟಕಿಗಳು ಅಷ್ಟು ಉದ್ದವಿರಲು, ಒಳಗಿನ ಸೂರು ಸುಮಾರು 4 ಮೀಟರ್ ಎತ್ತರವಿರಲು ಕಾರಣ ಮಗ್ಗ: ಲಿಯಾನ್‌ನವನೇ ಆದ ಜಕಾರ್ಡ್, ಬಟ್ಟೆಯಲ್ಲಿ ಚಿತ್ತಾರ ನೇಯಲು ರೂಪಿಸಿದ ಯಂತ್ರ ಮಗ್ಗದ ನೆತ್ತಿಯ ಮೇಲೆ ಕೂರುತ್ತಿತ್ತು. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ತೂತು ಹೊಡೆದ ರಟ್ಟುಗಳ ಸರವನ್ನು ನೋಡಿದವರಿಗೆ ಆ ಏರ್ಪಾಡನ್ನು ಬಿಡಿಸಿ ಹೇಳಬೇಕಿಲ್ಲ. ನೇಯ್ಗೆಯ ಕೂಲಿದರದ ಒಪ್ಪಂದವನ್ನು ವ್ಯಾಪಾರಿಗಳು ಪಾಲಿಸಲು ನಿರಾಕರಿಸಿದಾಗ, 1831ರ ನವೆಂಬರಿನಲ್ಲಿ ಈ ನೇಕಾರರು ಬಂಡೆದ್ದು ಕೆಲವು ದಿನ ಊರನ್ನೇ ಕೈವಶ ಮಾಡಿಕೊಂಡಿದ್ದರು. ಆ ಕೇರಿಯ ಬದುಕನ್ನು 1,200 ಚದರ ಮೀಟರಿನ ಖಾಲಿ ಗೋಡೆಯೊಂದರ ಮೇಲೆ ಮೆಟ್ಟಿಲು, ಮನೆ, ಮನುಷ್ಯರ ಸಮೇತ 1987ರಲ್ಲಿ ಚಿತ್ರಿಸಲಾಗಿದೆ; ಊರು ಬದಲಾದಂತೆ ಚಿತ್ರವನ್ನೂ ತಿದ್ದುತ್ತಾರೆ. ಇಳಿಯುವಾಗ ಕೋಲ್ಬೇರ್ ಚೌಕದಿಂದ ‘ಕೂರ್ ದೇ ವೊರಾಸ್’ ಅಂಗಳದ ಭಾರಿ ಕಲ್ಲಿನ ಮೆಟ್ಟಿಲುಗಳ ದಾರಿಯನ್ನೇ ಹಿಡಿಯಬೇಕು.

ನದಿಗಳು ಕೂಡುವ ಕಡೆಯಿರುವ ಹೊಸ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವಾದರೂ ಬೇಕಾಗುವುದರಿಂದ ಈ ಸಲ ಅದನ್ನು ಬಿಡುವುದು ಲೇಸು. ಅದರ ಬದಲು ಡಿ ಮಾರ್ಗದಲ್ಲಿ ಮೋಪ್ಲೆಸೀರ್ ಲ್ಯೂಮಿಯೇರ್ ನಿಲ್ದಾಣಕ್ಕೆ ಹೋದರೆ, ಸಿನಿಮಾದ ಆದ್ಯರಾದ ಲ್ಯೂಮಿಯೇರ್ ಸಹೋದರರು 1895ರಲ್ಲಿ ಕಾರ್ಮಿಕರು ಹೊರಬರುವ ದೃಶ್ಯವನ್ನು ಚಿತ್ರೀಕರಿಸಿದ ಕಾರ್ಖಾನೆಯ ಉಳಿದ ಭಾಗವನ್ನೂ, ಅವರ ಮನೆಯಲ್ಲಿರುವ ಸಂಗ್ರಹಾಲಯವನ್ನೂ ನೋಡಬಹುದು. ಅಲ್ಲಿಂದ ಸಾಕ್ಸ್ ಗಂಬೆಟ್ಟಾದಲ್ಲಿ ಬಿ ಮಾರ್ಗಕ್ಕೆ ಬದಲಾಯಿಸಿದರೆ ನೇರವಾಗಿ ಪಾರ್ ದ್ಯೂ. ರೈಲಿನ ಬಾಗಿಲುಗಳು ಹೊರಡುವ ಸಮಯಕ್ಕೆ ಎರಡು ನಿಮಿಷ ಮೊದಲೇ ಮುಚ್ಚುವುದರಿಂದ, ಭಾನುವಾರ ಸಂಜೆಯ ನೂಕುನುಗ್ಗಲನ್ನೂ ಗಣಿಸಿ ಅರ್ಧ ಗಂಟೆ ಮುಂಚೆಯೇ ನಿಲ್ದಾಣವನ್ನು ತಲುಪಬೇಕು.