ವೇಲ್ಸ್‌ನ ಸ್ಲೇಟು ಊರುಗಳ ಸಾಲುಮನೆ: ಗೋಡೆಯ ತೇವ ತೆಗೆದದ್ದು ಹೇಗೆ – ನನ್ನ ಅನುಭವ

ಉತ್ತರ ವೇಲ್ಸ್‌ನ ಬೆಥೆಸ್ಡಾ, ಬ್ಲೈನೈ ಫೆಸ್ಟಿನಿಯೋಗ್ ಕಡೆ 19ನೇ ಶತಮಾನದಲ್ಲಿ ಕ್ವಾರಿ ಕಾರ್ಮಿಕರು ಇದ್ದ ಸಾಲುಮನೆಗಳಲ್ಲಿ ಒಳಗೋಡೆ ಒದ್ದೆಯಾದರೆ, ಗೋಡೆಗೆ ತೂತು ಕೊರೆದು ತೇವ ತಡೆಯುವ ಕೆಮಿಕಲ್ ಇಂಜೆಕ್ಷನ್ ಕೊಡಿಸಿ ಎಂಬ ಸಲಹೆಯೇ ಮೊದಲು ಬರುತ್ತದೆ. ನಾನು ಅದನ್ನು ಮಾಡುವುದಿಲ್ಲ. ಈ ಗೋಡೆಗಳು ಸುಮಾರು 500ರಿಂದ 600 ಮಿ.ಮೀ. ದಪ್ಪ. ಹೊರಗೊಂದು, ಒಳಗೊಂದು ಕಾಡುಕಲ್ಲಿನ ಮುಖ. ನಡುವೆ ಚೂರುಕಲ್ಲು, ಮಣ್ಣು, ಸುಣ್ಣ, ಅಲ್ಲಲ್ಲಿ ಪೊಳ್ಳು. ಇಂಥ ಕಡೆ ಕೆಮಿಕಲ್ ಒಂದೇ ಸಮನೆ ಹರಡಿ ನಿಲ್ಲುವುದೇ ಇಲ್ಲ.

ಸ್ಲೇಟು ಕಲ್ಲು ನೀರು ಕುಡಿಯದು. ಗೋಡೆಯೊಳಗಿನ ತೇವ ಹೊರಹೋಗಲು ಇರುವ ದಾರಿ ಕಲ್ಲುಗಳ ನಡುವಿನ ಸಂದಿನ ಸುಣ್ಣದ ಗಾರೆ ಮಾತ್ರ. 20ನೇ ಶತಮಾನದಲ್ಲಿ ಆ ಸಂದುಗಳಿಗೆ ಸಿಮೆಂಟು ಬಡಿದರು. ಸಿಮೆಂಟಿಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟು ಮಳೆನೀರು ಒಳಗಿಳಿಯುತ್ತದೆ, ಹೊರಬರಲು ದಾರಿ ಇರುವುದಿಲ್ಲ.

ಆದರೂ ಕೆಲಸ ಶುರುವಾಗಬೇಕಾದ್ದು ಛಾವಣಿಯಿಂದ. ಸ್ಲೇಟು ನೂರು ವರ್ಷ ದಾಟಿಯೂ ಗಟ್ಟಿ ಇರುತ್ತದೆ, ಸಾಯುವುದು ಅದನ್ನು ಹಿಡಿದ ಕಬ್ಬಿಣದ ಮೊಳೆ. ಮೊಳೆ ತುಕ್ಕು ಹಿಡಿದ ಕಡೆ ಸ್ಲೇಟು ಇಳಿಸಿ, ಬೆರಳಿನಿಂದ ತಟ್ಟಿ ನೋಡುತ್ತೇನೆ. ಟಣ್ ಎಂದರೆ ಮತ್ತೆ ಏರಿಸಬಹುದು, ಮಂಕು ಸದ್ದು ಬಂದರೆ ಒಳಗೆ ಸೀಳಿದೆ ಎಂದರ್ಥ. ಸ್ಲೇಟಿನ ಅಳತೆಗಳಿಗೆ ಇಲ್ಲಿ ಕುಲೀನ ಮನೆತನದ ಹೆಂಗಸರ ಬಿರುದುಗಳೇ ಹೆಸರು. 'ಕೌಂಟೆಸ್' ಅಂದರೆ 20 ಇಂಚು ಉದ್ದ, 10 ಇಂಚು ಅಗಲ (508 × 254 ಮಿ.ಮೀ.). ಸ್ಲೇಟಿನ ನಡುವೆ ಮೊಳೆ ಹೊಡೆದು 100 ಮಿ.ಮೀ. ಮೇಲುಹೊದಿಕೆ (ಒಂದು ಸ್ಲೇಟು ತನಗಿಂತ ಎರಡು ಸಾಲು ಕೆಳಗಿನ ಸ್ಲೇಟಿನ ಮೇಲೆ ಹಾಯುವ ಭಾಗ) ಇಟ್ಟರೆ, ಉದ್ದದಲ್ಲಿ 100 ಕಳೆದು ಎರಡರಿಂದ ಭಾಗಿಸಿ: ರೀಪುಗಳ ಅಂತರ 204 ಮಿ.ಮೀ., ಚದರ ಮೀಟರಿಗೆ 19–20 ಸ್ಲೇಟು. ಮೊಳೆ ತಾಮ್ರದ್ದೇ ಇರಲಿ.

ಆಮೇಲೆ ನೆಲ. ಗುಡ್ಡದ ಇಳಿಜಾರಿನ ಸಾಲುಗಳಲ್ಲಿ ಹಿಂಗೋಡೆಗೆ ಮಣ್ಣು ಒತ್ತಿಕೊಂಡಿರುತ್ತದೆ. ಹೊರನೆಲ ಒಳನೆಲಕ್ಕಿಂತ ಕನಿಷ್ಠ 150 ಮಿ.ಮೀ. ಕೆಳಗಿರಬೇಕು. ಅಡಿಪಾಯ ಬಹಳ ಆಳವಿಲ್ಲ, ಹಾಗಾಗಿ ಅದರ ತಳಕ್ಕಿಂತ ಕೆಳಗೆ ಅಗೆಯಬೇಡಿ. ಅಗೆಯುವುದನ್ನೂ ಸಣ್ಣ ಸಣ್ಣ ತುಂಡಾಗಿ ಮಾಡಿ. ಪಕ್ಕದ ಮನೆಗೆ 3 ಮೀಟರ್ ಒಳಗೆ, ಅದರ ಅಡಿಪಾಯಕ್ಕಿಂತ ಆಳ ಹೋಗುವುದಾದರೆ 1996ರ ಪಾರ್ಟಿ ವಾಲ್ (ಎರಡು ಮನೆಗಳ ನಡುಗೋಡೆ) ಕಾಯ್ದೆಯಂತೆ ಪಕ್ಕದವರಿಗೆ ಒಂದು ತಿಂಗಳ ಮುಂಚೆ ನೋಟಿಸು ಕೊಡಬೇಕು. ನಡುಗೋಡೆಗೋ ಜಂಟಿ ಚಿಮಣಿಗೋ ಕೈ ಹಾಕಿದರೆ ಎರಡು ತಿಂಗಳು. ಸಾಲುಮನೆಯಲ್ಲಿ ಪಕ್ಕದವರ ಒಪ್ಪಿಗೆಯೂ ಕೆಲಸದ ಭಾಗ.

ಇನ್ನು ಸಂದು. ಸುತ್ತಿಗೆ ಮತ್ತು ತೆಳು ಉಳಿಯಿಂದ ಸಿಮೆಂಟು ಬಿಡಿಸುತ್ತೇನೆ. ಗ್ರೈಂಡರ್ ಕಲ್ಲಿನ ಅಂಚು ಕೊಯ್ದುಬಿಡುತ್ತದೆ, ಆ ಗಾಯ ಮಾಯುವುದಿಲ್ಲ. ಸಿಮೆಂಟು ಕಚ್ಚಿಕೊಂಡು ಕಲ್ಲನ್ನೇ ಕೀಳುವಂತಿದ್ದರೆ ಅಷ್ಟನ್ನು ಬಿಟ್ಟುಬಿಡುವುದೇ ಸರಿ. ಆಳ ಸಂದಿನ ಅಗಲದ ಎರಡರಷ್ಟು, ಏನೇ ಆದರೂ 25 ಮಿ.ಮೀ.ಗೆ ಕಡಿಮೆಯಿಲ್ಲ. ಧೂಳು ತೊಳೆದು, ಗೋಡೆ ನೆನೆಸಿ, ನೀರು ಹೊಳೆಯುವುದು ನಿಂತ ಮೇಲೆ ಗಾರೆ. ಎನ್‌ಎಚ್‌ಎಲ್ 3.5 ಸುಣ್ಣ (ನೀರು ಸೇರಿದರೆ ಗಟ್ಟಿಯಾಗುವ ನೈಸರ್ಗಿಕ ಸುಣ್ಣ) ಒಂದು ಪಾಲು, ಒರಟು ಮರಳು ಎರಡೂವರೆ ಪಾಲು. ಅಳೆಯುವುದು ಬಕೆಟ್ಟಿನಲ್ಲಿ, ಸಲಿಕೆ ಲೆಕ್ಕ ಬೇಡ. ಉಂಡೆ ಕಟ್ಟಿದರೆ ನಿಲ್ಲಬೇಕು, ಅಂಗೈಗೆ ಮೆತ್ತಬಾರದು. ನೀರು ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಅಗಲ ಸಂದಿಗೆ ಸ್ಲೇಟಿನ ಚಕ್ಕೆ ಸಿಕ್ಕಿಸಿ, ಕರಣೆಯಿಂದ ಒಳಗಿನಿಂದ ಒತ್ತುತ್ತಾ ಬನ್ನಿ. ಹೆಬ್ಬೆರಳು ಇಳಿಯದೆ ಉಗುರಿನ ಗುರುತಷ್ಟೇ ಬೀಳುವ ಹದಕ್ಕೆ ಬಂದಾಗ ಗಡುಸು ಬ್ರಷ್ಷಿನ ತುದಿಯಿಂದ ಕುಟ್ಟಬೇಕು. ಮೇಲ್ಮೈ ತರಿತರಿಯಾಗಿ ತೆರೆದುಕೊಂಡರೆ ತೇವ ಸಲೀಸಾಗಿ ಆರುತ್ತದೆ. ನಮ್ಮ ಹಳೇ ಗಾರೆ ಕೆಲಸದವರು ನೀರುಣಿಸಿದಂತೆಯೇ ಇಲ್ಲೂ ಒದ್ದೆ ಗೋಣಿತಾಟು ಒಂದು ವಾರವಾದರೂ ಹೊದಿಸಬೇಕು. ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿಳಿದರೆ ಸುಣ್ಣ ಗಟ್ಟಿಯಾಗದು, ಹಿಮ ಬಿದ್ದರೆ ಪುಡಿಪುಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸುವುದು ಕ್ಷೇಮ.

ಮನೆ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಇದಕ್ಕೂ ಅನುಮತಿ ಬೇಕಾಗಬಹುದು. ಪಟ್ಟಿ ವೇಲ್ಸ್ ಸರ್ಕಾರದ ಪರಂಪರೆ ಸಂಸ್ಥೆ ಕ್ಯಾಡುವಿನದು, ಆದರೆ ಅರ್ಜಿ ಸ್ಥಳೀಯ ಯೋಜನಾ ಪ್ರಾಧಿಕಾರಕ್ಕೆ. ಎರೇರಿ (ಸ್ನೋಡೋನಿಯಾ) ರಾಷ್ಟ್ರೀಯ ಉದ್ಯಾನದೊಳಗಾದರೆ ಉದ್ಯಾನದ ಪ್ರಾಧಿಕಾರ; ಬ್ಲೈನೈ ಫೆಸ್ಟಿನಿಯೋಗ್ ಸುತ್ತ ಉದ್ಯಾನವಿದ್ದರೂ ಊರು ಅದರ ಹೊರಗೆ, ಅಲ್ಲಿ ಗ್ವಿನೆಥ್ ಕೌನ್ಸಿಲ್. ಹಳೇ ಮರದ ಕಿಟಕಿ ಕಿತ್ತು ಪ್ಲಾಸ್ಟಿಕ್ ಹಾಕುವ ಮುಂಚೆಯೂ ಯೋಚಿಸಿ. 1900ರಿಂದ 1903ರವರೆಗೆ ಪೆನ್ರಿನ್ ಸ್ಲೇಟು ಕ್ವಾರಿಯ ಕಾರ್ಮಿಕರ ಹೋರಾಟ ನಡೆದಾಗ, ಅದನ್ನು ಮುರಿದು ಕೆಲಸಕ್ಕೆ ಹೋದವರು ದ್ರೋಹಿಗಳೆನಿಸಿದ್ದರಿಂದ, ಬೆಥೆಸ್ಡಾದ ಮನೆಗಳ ಕಿಟಕಿಯಲ್ಲಿ 'ಈ ಮನೆಯಲ್ಲಿ ದ್ರೋಹಿಯಿಲ್ಲ' ಎಂಬ ಬರಹ ಇರುತ್ತಿತ್ತು. ಅಂಥ ಕಿಟಕಿಗಳನ್ನು ಕೊಳೆತ ತುಂಡಷ್ಟೇ ಕೊಯ್ದು ಹೊಸ ಮರ ಜೋಡಿಸಿ ಉಳಿಸಬಹುದು. ಆ ಕಾಲದ ಮನೆಯ ಒಳಗು ನೋಡಬೇಕೆಂದರೆ ಟಾನಗ್ರಿಷೈನಿಂದ ಬಿಚ್ಚಿ ತಂದು ಲ್ಯಾನ್‌ಬೆರಿಸ್‌ನ ಸ್ಲೇಟು ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿದ ವ್ರಾನ್ ಹೈಲ್ ಸಾಲಿದೆ; ಅಲ್ಲಿ ಒಂದು ಮನೆಯ ಒಳಗು 1861ರಲ್ಲಿ ಇದ್ದಂತೆ, ಒಂದರದ್ದು 1901ರಂತೆ, ಮತ್ತೊಂದರದ್ದು 1969ರಂತೆ ಜೋಡಿಸಿದೆ.

ಒಳಗೆ ಜಿಪ್ಸಂ ಗಿಲಾವು, ಪ್ಲಾಸ್ಟಿಕ್ ಪೇಂಟು ಎರಡನ್ನೂ ಕೆರೆದು ಗೋಡೆಯನ್ನು ಬೆತ್ತಲೆ ಬಿಡಿ. ಇಷ್ಟು ದಪ್ಪದ ಗೋಡೆ ಆರಲು ವರ್ಷದ ಮೇಲೆಯೇ ಬೇಕು. ಉಪ್ಪು ಹೂವಿನಂತೆ ಅರಳಿದರೆ ಒಣ ಬ್ರಷ್ಷಿನಿಂದ ಗುಡಿಸಿ, ನೀರು ಹಾಕಿ ತೊಳೆದರೆ ಉಪ್ಪು ಮತ್ತೆ ಒಳಗೇ ಹೋಗುತ್ತದೆ. ಬಳಸದ ಚಿಮಣಿಯ ಬಾಯಿಯನ್ನು ಪೂರ್ತಿ ಮುಚ್ಚದೆ, ಮಳೆ ತಡೆದು ಗಾಳಿ ಬಿಡುವ ಟೋಪಿ ಹಾಕಿ. ಕೆಳಗೆ ಬೆಂಕಿಗೂಡು ಮುಚ್ಚಿದ್ದರೆ ಅಲ್ಲೂ ಒಂದು ಜಾಲರಿ ಇರಲಿ. ಸುಣ್ಣದ ಗಿಲಾವು ಮತ್ತು ಸುಣ್ಣ ಬಳಿಯುವುದು ಇದಾದ ಮೇಲೆ.